ಕಬ್ಬಿನ ಹೇರು ನಿಲ್ಲಲಿಕ್ಕೆ ಎಷ್ಟು ಜಾಗ ಬೇಕು?

ಹಂಗಾಮು ಶುರುವಾಯಿತೆಂದರೆ ಖಾನಾಪುರ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರು ಕಾಣದ ದಿನವಿಲ್ಲ. ‘ಬ್ರೇಕ್ ಛಲೋ ಐತ್ರಿ, ಏನೂ ಆಗೂದಿಲ್ಲ’ ಅನ್ನುವುದು ಡ್ರೈವರನ ಮಾತು. ಬ್ರೇಕ್ ಛಲೋ ಇದ್ದರೂ ಹೇರು ಎಲ್ಲಿ ಹೋಗಿ ನಿಲ್ಲುತ್ತೆ? ಹೈಸ್ಕೂಲಿನ ಲೆಕ್ಕ ಇದು. ಬೆಳಗಾವಿ–ಖಾನಾಪುರ ರಸ್ತೆಯ ಮಚ್ಛೆಯಲ್ಲಿ ವಿಟಿಯು ಇದೆ. ಒಳಗೆ ಹುಡುಗರು ಬಿಡಿಸುವ ಲೆಕ್ಕವೇ ಹೊರಗೆ ನಮ್ಮ ಟ್ರಾಲಿಯಾಗಿ ಓಡುತ್ತಿರುತ್ತೆ.

ಕಬ್ಬು 10 ಟನ್, ಟ್ರಾಲಿ 2, ಟ್ರ್ಯಾಕ್ಟರ್ 2, ಒಟ್ಟು 14 ಟನ್ ಎಂದುಕೊಳ್ಳಿ. ಭಾರವನ್ನು ವೇಗದಿಂದ ಗುಣಿಸಿದರೆ ಸಂವೇಗ. ವೇಗ ಇಮ್ಮಡಿಯಾದರೆ ಸಂವೇಗವೂ ಇಮ್ಮಡಿ, ನಿಲ್ಲಲು ಇಮ್ಮಡಿ ಸಮಯ. ಆದರೆ ಚಲನಶಕ್ತಿ ನಾಲ್ಕು ಪಟ್ಟು, ನಿಲ್ಲುವ ದೂರವೂ ನಾಲ್ಕು ಪಟ್ಟು. ಮೋಸ ಹೋಗುವುದು ಇಲ್ಲೇ.

ಗಂಟೆಗೆ 20 ಕಿ.ಮೀ. ವೇಗವೆಂದರೆ 1.57 ಮೀಟರ್ ಎತ್ತರದಿಂದ ಬಿದ್ದಷ್ಟು. 14ರಿಂದ ಗುಣಿಸಿದರೆ 22 ಟನ್-ಮೀಟರ್ ಶಕ್ತಿ. ಇದನ್ನು ತಡೆಯುವವರು ಯಾರು? ನಮ್ಮಲ್ಲಿ ಬಹಳಷ್ಟು ಟ್ರಾಲಿಗೆ ಬ್ರೇಕೇ ಇಲ್ಲ. ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಯೇ ಗತಿ. ಅವುಗಳ ಮೇಲೆ 2 ಟನ್ ಭಾರವಿದ್ದರೆ, ಒಣ ಡಾಂಬರಿನಲ್ಲಿ ಹಿಡಿತ ಅದರ ಮುಕ್ಕಾಲು, ಒಂದೂವರೆ ಟನ್. ಸಪಾಟು ರಸ್ತೆಯಲ್ಲಿ 22ನ್ನು 1.5ರಿಂದ ಭಾಗಿಸಿ: ಸುಮಾರು 15 ಮೀಟರ್. ಬ್ರೇಕ್ ತುಳಿಯುವ ಮೊದಲಿನ ಒಂದು ಸೆಕೆಂಡಿಗೆ ಇನ್ನೂ ಐದೂವರೆ ಮೀಟರ್ ಬೇರೆ.

ಈಗ ಇಳಕಲು ನೋಡಿ. 20 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ದೊಡ್ಡದೆನಿಸದು. ಆದರೆ ಭಾರದ ಇಪ್ಪತ್ತನೇ ಒಂದು ಪಾಲು, 0.7 ಟನ್, ಮುಂದಕ್ಕೆ ನೂಕುತ್ತೆ. ಉಳಿದ ಹಿಡಿತ 0.8 ಟನ್. ನಿಲ್ಲುವ ದೂರ 27 ಮೀಟರ್, 30 ಕಿ.ಮೀ. ವೇಗವಿದ್ದರೆ 62. ರಸ್ತೆ ನೆನೆದು ಹಿಡಿತ 1 ಟನ್ನಿಗೆ ಇಳಿದರೆ 20ರ ವೇಗಕ್ಕೇ 73 ಮೀಟರ್!

ಇನ್ನೊಂದು ಟ್ರಾಲಿ ಸಿಕ್ಕಿಸಿದರೆ 26 ಟನ್. ನೂಕು 1.3 ಟನ್, ಒಣ ರಸ್ತೆಯಲ್ಲೂ ಉಳಿಯುವ ಹಿಡಿತ 0.2. ದೂರ 200 ಮೀಟರ್ ದಾಟುತ್ತೆ. ಗಾಲಿ ಉರುಳುವಾಗಿನ ತಡೆಯನ್ನು ನಾನು ಹಿಡಿದಿಲ್ಲ, ಅದು ತುಸು ನಮ್ಮ ಪರ. ಸವೆದ ಟೈರು ಆ ಲಾಭವನ್ನು ತಿಂದುಹಾಕುತ್ತೆ.

ಡೀಸೆಲ್ ಉಳೀತದ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ. ಉಳಿಯುವುದೇನೂ ಇಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಪಂಪು ಡೀಸೆಲನ್ನು ತಾನೇ ಕಡಿಮೆ ಮಾಡುತ್ತೆ, ಎಂಜಿನ್ನೂ ಹಿಡಿಯುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ಮನೆ ಡೀಸೆಲ್ ಕುಡಿಯುತ್ತಿರುತ್ತೆ, ಬ್ರೇಕ್ ಒಂದೇ ಕಾಯುತ್ತೆ.

ಎಂಜಿನ್ ಹಿಡಿತವೂ ಅದೇ ಎರಡು ಗಾಲಿಯ ಮೂಲಕವೇ ಬರಬೇಕು. ಅದಕ್ಕೇ ಸಣ್ಣ ಗೇರನ್ನು ಇಳಕಲಿನ ನೆತ್ತಿಯಲ್ಲೇ ಹಾಕಬೇಕು, ನಡುವೆ ಅಲ್ಲ. 10ರ ವೇಗದಲ್ಲಿ ಅದೇ ಒಂದು ಟ್ರಾಲಿ, ಅದೇ ಒಣ ಇಳಕಲಿನಲ್ಲಿ 7 ಮೀಟರಿಗೆ ನಿಲ್ಲುತ್ತೆ. ಎಡ-ಬಲ ಬ್ರೇಕ್ ಪೆಡಲುಗಳನ್ನು ಹೊಲದಲ್ಲಿ ತಿರುವಿಗೆಂದು ಬೇರೆ ಮಾಡಿದ್ದರೆ, ರಸ್ತೆಗೆ ಬರುವ ಮುನ್ನ ಕೊಂಡಿ ಹಾಕಿ ಜೋಡಿಸಿರಿ. ಒಂದೇ ಗಾಲಿ ಹಿಡಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ, ಹಿಂದಿನ 12 ಟನ್ ಬಂದು ಅದನ್ನೇ ಮಗುಚಿ ಹಾಕುತ್ತೆ.