ಕೊನೆಯ ಮೂರು ಕಿಲೋ ಏಕೆ ಇಳಿಯುತ್ತಿಲ್ಲ?

ಆರು ತಿಂಗಳಿಂದ ನೀವು ಸಾಕಷ್ಟು ಕಷ್ಟಪಟ್ಟಿದ್ದೀರಿ. ಚಹಾದ ಸಕ್ಕರೆ ಕಡಿಮೆ ಮಾಡಿದಿರಿ, ಕರಿದ ತಿಂಡಿ ಬಿಟ್ಟಿರಿ, ದಿನಾ ಸಂಜೆ ನಡೆದಿರಿ. 70 ಕಿಲೋ ಇದ್ದ ತೂಕ 60ಕ್ಕೆ ಇಳಿಯಿತು. ಇನ್ನು ಮೂರು ಕಿಲೋ ಇಳಿದರೆ ಸಾಕು ಎನ್ನುವಾಗ ತೂಕದ ಮುಳ್ಳು ಅಲ್ಲೇ ನಿಂತುಬಿಟ್ಟಿದೆ.

ಇಂತಹ ಸಮಯದಲ್ಲಿ ಕೆಲವರು ಬೆಳಗಿನ ತಿಂಡಿಯನ್ನೇ ಬಿಟ್ಟು ಅರೆಹೊಟ್ಟೆಯಲ್ಲಿರುತ್ತಾರೆ. ಇನ್ನು ಕೆಲವರು "ನನ್ನ ದೇಹವೇ ಇಷ್ಟು" ಎಂದು ಕೈಚೆಲ್ಲಿ ಹಳೆಯ ರೂಢಿಗೆ ಮರಳುತ್ತಾರೆ. ಮೊದಲಿನದರಿಂದ ನಿಶ್ಶಕ್ತಿ, ರಕ್ತಹೀನತೆ, ಕೂದಲುದುರುವಿಕೆ. ಎರಡನೆಯದರಿಂದ ಇಳಿದ ಹತ್ತು ಕಿಲೋ ಮತ್ತೆ ಮೈಗೇರುತ್ತದೆ. ಎರಡೂ ಬೇಡ. ತೂಕ ಏಕೆ ನಿಂತಿತೆಂದು ಮೊದಲು ತಿಳಿದುಕೊಳ್ಳಿ.

ದೇಹದ ಲೆಕ್ಕ

70 ಕಿಲೋದ ದೇಹವನ್ನು ನಡೆಸಲು ಬೇಕಾದಷ್ಟು ಶಕ್ತಿ 60 ಕಿಲೋದ ದೇಹಕ್ಕೆ ಬೇಡ. ಹತ್ತು ಕಿಲೋ ಇಳಿದಾಗ ದಿನದ ಅಗತ್ಯವೂ ಸುಮಾರು 100ರಿಂದ 150 ಕ್ಯಾಲೊರಿಯಷ್ಟು ತಗ್ಗುತ್ತದೆ. ಅಂದರೆ ಆರು ತಿಂಗಳ ಹಿಂದೆ ತೂಕ ಇಳಿಸುತ್ತಿದ್ದ ಅದೇ ಊಟ ಈಗ ತೂಕವನ್ನು ಇದ್ದಲ್ಲೇ ಕಾಯುತ್ತದೆ. ಜೊತೆಗೆ ಹಸಿವೂ ಹೆಚ್ಚುತ್ತದೆ. ಪಥ್ಯ ಮಾಡಿ ತೂಕ ಇಳಿಸಿಕೊಂಡವರಲ್ಲಿ ಹಸಿವಿಗೆ ಸಂಬಂಧಿಸಿದ ಹಾರ್ಮೋನುಗಳು ಒಂದು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ ಎಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದರು. ಆದ್ದರಿಂದ ಹಸಿವಾಗುವುದನ್ನು ನಿಮ್ಮ ಮನೋಬಲದ ಕೊರತೆ ಎಂದು ಭಾವಿಸಬೇಡಿ.

ನಿಜವಾಗಿಯೂ ನಿಂತಿದೆಯೇ?

ಮದುವೆಮನೆಯ ಬಿರಿಯಾನಿ ಉಂಡ ಮರುದಿನ ಒಂದು ಕಿಲೋ ಹೆಚ್ಚಾದರೆ ಗಾಬರಿ ಬೇಡ. ಒಂದು ಕಿಲೋ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಅದು ಒಂದೇ ಊಟದಲ್ಲಿ ಆಗುವ ಮಾತಲ್ಲ. ಉಪ್ಪಿನಿಂದ ದೇಹದಲ್ಲಿ ನಿಂತ ನೀರೇ ಅದಕ್ಕೆ ಮುಖ್ಯ ಕಾರಣ. ಮುಟ್ಟಿನ ದಿನಗಳ ಮೊದಲೂ ಹೀಗೇ ಆಗುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ. ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ನಾಲ್ಕು ವಾರ ಎರಡೂ ಬದಲಾಗದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಬಹುದು.

ಅಡುಗೆಮನೆಯ ಸಣ್ಣ ತುತ್ತುಗಳು

ಗುರಿ ಹತ್ತಿರವಾದಂತೆ ಸಣ್ಣ ಸಂಗತಿಗಳೂ ದೊಡ್ಡದಾಗುತ್ತವೆ. ಎರಡು ಟೀ ಚಮಚ ಸಕ್ಕರೆ ಹಾಕಿದ ಮೂರು ಲೋಟ ಚಹಾದಲ್ಲಿ ಸಕ್ಕರೆಯದೇ 120 ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿದ ಎಣ್ಣೆ ಒಂದು ದೊಡ್ಡ ಚಮಚ ಹೆಚ್ಚಾದರೆ ಮತ್ತೆ 120. ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ಪರೋಟ, ಸಾರಿನ ರುಚಿ ನೋಡಿದ ನಾಲ್ಕು ಚಮಚ, ನೆರೆಮನೆಯವರ ಜೊತೆ ತಿಂದ ಒಂದು ಸಮೋಸ, ಇವನ್ನು ನಾವು ಊಟವೆಂದು ಎಣಿಸುವುದೇ ಇಲ್ಲ.

ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲಾ ಚೀಟಿಯಲ್ಲಿ ಬರೆಯಿರಿ. ಎಣ್ಣೆಯನ್ನು ಚಮಚದಲ್ಲೇ ಅಳೆಯಿರಿ. ಮಕ್ಕಳಿಗೆ ಮೊದಲೇ ಕಡಿಮೆ ಬಡಿಸಿ, ಬೇಕಿದ್ದರೆ ಮತ್ತೆ ಹಾಕಿ. ಆಗ ಉಳಿದದ್ದು ದಂಡವಾಗುತ್ತದೆಂದು ನೀವು ತಿನ್ನಬೇಕಾಗುವುದಿಲ್ಲ. ಹೆಚ್ಚಿನವರಿಗೆ ಊಟ ಬಿಡದೆಯೇ ಬೇಕಾದ 150 ಕ್ಯಾಲೊರಿ ಇಲ್ಲಿಯೇ ಸಿಗುತ್ತದೆ.

ತಟ್ಟೆಯಲ್ಲಿ ಏನಿರಬೇಕು?

ಅನ್ನ, ರೊಟ್ಟಿ, ಪತ್ತಿರ್ ಬಿಡಬೇಕಾಗಿಲ್ಲ, ಪ್ರಮಾಣ ತಗ್ಗಿಸಿ. ಆ ಜಾಗಕ್ಕೆ ತರಕಾರಿ ಪಲ್ಯ, ಮೊಳಕೆ ಹೆಸರುಕಾಳು, ಬೇಯಿಸಿದ ಮೊಟ್ಟೆ, ಕರಿಯದೆ ಸಾರು ಮಾಡಿದ ಬಂಗುಡೆ ಅಥವಾ ಚರ್ಮ ತೆಗೆದ ಕೋಳಿಮಾಂಸ ಬರಲಿ. ಪ್ರೋಟೀನ್ ಇರುವ ಊಟದಿಂದ ಬೇಗ ಹಸಿವಾಗುವುದಿಲ್ಲ, ಸ್ನಾಯುಗಳು ಕರಗದಂತೆಯೂ ಅದು ನೋಡಿಕೊಳ್ಳುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ನಡಿಗೆಯ ಜೊತೆ ಸ್ನಾಯುಗಳಿಗೂ ಕೆಲಸ

ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಟುವಟಿಕೆ ಮಾಡಬೇಕು, ವಾರದಲ್ಲಿ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಮ್ಮಲ್ಲಿ ಹೆಚ್ಚಿನವರು ಈ ಎರಡನೆಯದನ್ನು ಮರೆಯುತ್ತೇವೆ. ಇದಕ್ಕೆ ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಗೋಡೆಗೆ ಅಂಗೈಯೂರಿ ಹತ್ತು ಸಲ ದೇಹವನ್ನು ಹಿಂದೆ ಮುಂದೆ ತನ್ನಿ. ನೀರು ತುಂಬಿದ ಬಾಟಲಿಗಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿ. ಹೊರಗೆ ಹೋಗಲು ಅನುಕೂಲವಿಲ್ಲದಿದ್ದರೆ ತಾರಸಿಯೇ ಸಾಕು. ರಾತ್ರಿ ಏಳು ಗಂಟೆ ನಿದ್ದೆಯನ್ನೂ ಮಾಡಿ. ನಿದ್ದೆಗೆಟ್ಟರೆ ಮರುದಿನ ಕೈ ತಾನಾಗಿಯೇ ಸಿಹಿಯತ್ತ ಹೋಗುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಇಷ್ಟೆಲ್ಲಾ ಮಾಡಿಯೂ ಎರಡು ಮೂರು ತಿಂಗಳು ಬದಲಾವಣೆ ಇಲ್ಲದಿದ್ದರೆ, ಅಥವಾ ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್‌ನಂತಹ ಕೆಲವು ಔಷಧಿಗಳೂ ತೂಕ ಇಳಿಯಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಗರ್ಭಿಣಿಯರಿಗಂತೂ ತೂಕ ಇಳಿಸುವ ಪಥ್ಯವೇ ಸಲ್ಲದು.

ಗುರಿ ಯಾರದು?

ಕೊನೆಯದಾಗಿ ಒಂದು ಪ್ರಶ್ನೆ. ಆ 57 ಎಂಬ ಅಂಕಿ ಎಲ್ಲಿಂದ ಬಂತು? ಮದುವೆಯ ದಿನದ ತೂಕವೇ? ನಾದಿನಿಯ ತೂಕವೇ? ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ಭಾರತೀಯರಿಗೆ 18.5ರಿಂದ 22.9 ಸರಿಯಾದ ಪ್ರಮಾಣ. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತೂಕದ ನೂರಕ್ಕೆ ಏಳು ಪಾಲು ಇಳಿಸುವುದು ಮತ್ತು ವ್ಯಾಯಾಮ ಮಾಡುವುದು ಗುರಿಯಾಗಿತ್ತು. ಅಷ್ಟರಿಂದಲೇ ಕಾಯಿಲೆ ಬರುವ ಸಂಭವ ಶೇ. 58ರಷ್ಟು ಕಡಿಮೆಯಾಗಿತ್ತು. 70ರಿಂದ 60ಕ್ಕೆ ಬಂದ ನೀವು ನೂರಕ್ಕೆ ಹದಿನಾಲ್ಕು ಪಾಲು ಇಳಿಸಿದ್ದೀರಿ!

ಆದ್ದರಿಂದ ಮೂರು ಕಿಲೋಗಾಗಿ ಕೊರಗಿ ಹತ್ತು ಕಿಲೋದ ಗಳಿಕೆಯನ್ನು ಕಳೆದುಕೊಳ್ಳಬೇಡಿ. ಬಹಳ ದಣಿದಿದ್ದರೆ ಒಂದೆರಡು ತಿಂಗಳು ಈ 60ನ್ನೇ ಕಾಪಾಡಿಕೊಳ್ಳಿ. ಅದೂ ಸಾಧನೆಯೇ. ನೀವು ತಟ್ಟೆಯ ಮುಂದೆ ಹೇಗೆ ಕುಳಿತುಕೊಳ್ಳುತ್ತೀರೆಂದು ನಿಮ್ಮ ಮಗಳು ನೋಡುತ್ತಿದ್ದಾಳೆ. ಅವಳು ನಿಮ್ಮಿಂದ ಹಸಿದಿರುವುದನ್ನು ಕಲಿಯದಿರಲಿ, ಹದವಾಗಿ ಉಣ್ಣುವುದನ್ನು ಕಲಿಯಲಿ.