ಗರಿಯ ಮೇಲಣ ವಿಮಾನ

ಹಂದನಕೆರೆಯ ತೆಂಗಿನ ತೋಟದಲ್ಲಿ ನಿಂತು ಆಕಾಶದ ಛಾಯಾಚಿತ್ರವನ್ನು ತೆಗೆದರೆ, ಮುಗಿಲಲ್ಲಿ ಹೋಗುವ ವಿಮಾನವು ಮರದ ತುದಿಯನ್ನೇ ಸವರಿದಂತೆ ತೋರಬಹುದು. ಅಂತಹ ಚಿತ್ರವು ಕೈಯಿಂದ ಕೈಗೆ ಸಾಗುವಷ್ಟರಲ್ಲಿ, ವಿಮಾನವು ಬೀಳುವುದರಲ್ಲಿತ್ತೆಂಬ ಸುದ್ದಿಯೂ ಅದರ ಬೆನ್ನಿಗಂಟಿಕೊಳ್ಳುವುದು. ಮಗನೋ ಮಗಳೋ ಅಂದೇ ವಿಮಾನವೇರಿದ್ದ ಮನೆಯವರಿಗೆ ಇದು ವಿನೋದದ ಮಾತಲ್ಲ. ನಿಜವನ್ನು ಪರೀಕ್ಷಿಸುವ ಬಗೆಯುಂಟೆ? ಉಂಟು.

ವಾಚಕರು ತೆಂಗಿನ ಗರಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಿ. 25 ಮೀಟರ್ ದೂರದಲ್ಲಿ ಅಡ್ಡಲಾಗಿ ಚಾಚಿದ 5 ಮೀಟರ್ ಉದ್ದದ ಗರಿಯು ಚಿತ್ರದಲ್ಲಿ ಎಷ್ಟು ಕಾಣುವುದೋ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 35 ಮೀಟರ್ ಇರುವ ಏರ್‌ಬಸ್ ಎ320 ವಿಮಾನವು 175 ಮೀಟರ್ ದೂರದಲ್ಲಿ ಅಷ್ಟೇ ಕಾಣುವುದು. ಗರಿಯ ಐವತ್ತರಲ್ಲಿ ಒಂದು ಪಾಲು ಮಾತ್ರ ಕಂಡರೆ ವಿಮಾನವಿರುವುದು 8,750 ಮೀಟರ್ ಆಚೆ! ಮರದ ತುದಿಯು ಬದುಕಿತೆಂದೇ ಲೆಕ್ಕ.

ಆದರೆ ವಿಮಾನವು ಓರೆಯಾಗಿದ್ದರೆ ರೆಕ್ಕೆಯು ಕುಗ್ಗಿ ಕಾಣುವುದರಿಂದ ಈ ಗಣಿತವು ತಪ್ಪುತ್ತದೆ. ಇಲ್ಲಿ ನೆರವಾಗುವುದು ಗಣಕಯಂತ್ರದ ಹಾರಾಟದ ಅನುಕರಣೆ. ನೆಲ ಬಿಡದೆ ಹಾರಲು ಕಲಿಸುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿಯೇ ರಚಿಸಿದ್ದನು. ಇಂದು ಫ್ಲೈಟ್‌ಗಿಯರ್ ಎಂಬ ತಂತ್ರಾಂಶವು ಬೆಲೆಯಿಲ್ಲದೆಯೇ ದೊರೆಯುತ್ತದೆ. ಚಿತ್ರ ತೆಗೆದ ಸ್ಥಳ, ದಿನ, ವೇಳೆಗಳನ್ನು ಅದಕ್ಕೆ ಕೊಟ್ಟರೆ ಸೂರ್ಯನು ಅದೇ ದಿಕ್ಕಿನಲ್ಲಿ ನಿಲ್ಲುತ್ತಾನೆ. ನೋಟದ ಕೋನವನ್ನು ಕ್ಯಾಮೆರಾದ ಕೋನಕ್ಕೆ ಸರಿಹೊಂದಿಸಬೇಕು. ಇದನ್ನು ಮರೆತರೆ ಮಿಕ್ಕ ಶ್ರಮವೆಲ್ಲ ವ್ಯರ್ಥ. ಬಳಿಕ ವಿಮಾನವನ್ನು ತಿರುಗಿಸಿ, ಓರೆಮಾಡಿ, ಏರಿಸಿ ಇಳಿಸಿ, ಅದರ ಆಕಾರವೂ ನೆರಳೂ ಛಾಯಾಚಿತ್ರಕ್ಕೆ ಒಪ್ಪುವವರೆಗೆ ಹೋಲಿಸಬೇಕು.

ಒಪ್ಪಿದ ಮಾತ್ರಕ್ಕೆ ಸಿದ್ಧಾಂತವಾಗಲಿಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಎಚ್‌ಟಿ-2 ವಿಮಾನವು 1951ರಲ್ಲಿ ಮೊದಲು ಹಾರಿತು. ಅದರ ರೆಕ್ಕೆಯ ಅಗಲ 11 ಮೀಟರಿಗೂ ಕಡಿಮೆ. ಎ320ರ ಮೂರರಲ್ಲೊಂದು ದೂರದಲ್ಲಿ ಅದೂ ಅಷ್ಟೇ ದೊಡ್ಡದಾಗಿ ಕಾಣುವುದು. ಆದಕಾರಣ ವಿಮಾನದ ಜಾತಿಯನ್ನು ಮೊದಲು ಗುರುತಿಸದವನು ಎತ್ತರವನ್ನು ಹೇಳಲಾರನು.

ಇಂತಹ ಚಿತ್ರಗಳ ಬೆಲೆ ಊರ ಗುಲ್ಲಿಗೆ ಮಾತ್ರ ಸೀಮಿತವಲ್ಲ. 2011ರಲ್ಲಿ ಅಮೆರಿಕದ ರೆನೋ ನಗರದ ವಿಮಾನ ಪಂದ್ಯದಲ್ಲಿ ವಿಮಾನವೊಂದು ನೆಲಕ್ಕಪ್ಪಳಿಸಿ 11 ಮಂದಿ ಸತ್ತಾಗ, ಅದರ ಬಾಲದ ಸಣ್ಣ ಪಟ್ಟಿಯೊಂದು ಮುರಿದು ಹೋಗಿದ್ದುದು ಛಾಯಾಚಿತ್ರಗಳಲ್ಲಿ ಕಂಡುಬಂದಿತು. ಕೈಬದಲಾದ ಪ್ರತಿಗಳಲ್ಲಿ ಇಂತಹ ಸೂಕ್ಷ್ಮಗಳು ಅಳಿಸಿಹೋಗುವುದುಂಟು. ಆದುದರಿಂದ ಮೂಲಪ್ರತಿಯನ್ನೇ ಕಾಪಾಡಿ, ನಿಂತ ಜಾಗವನ್ನು ಗುರುತಿಸಿ, ಮರದವರೆಗಿನ ಹೆಜ್ಜೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು.