ಸಿಪಾನಿ ಡಾಲ್ಫಿನ್

ಸಿಪಾನಿ ಡಾಲ್ಫಿನ್ ಎಂಬುದು ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆಯು 1980ರ ದಶಕದಲ್ಲಿ ತಯಾರಿಸಿದ ಎರಡು ಬಾಗಿಲುಗಳ ಸಣ್ಣ ಕಾರು. ಇದು ಬ್ರಿಟನ್ನಿನ ರಿಲಯಂಟ್ ಸಂಸ್ಥೆಯ ಕಿಟನ್ ಎಂಬ ಕಾರಿನ ಭಾರತೀಯ ರೂಪ. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಹೊರಮೈ, ಪೂರ್ಣವಾಗಿ ಅಲ್ಯೂಮಿನಿಯಂ ಮಿಶ್ರಲೋಹದ 848 ಸಿ.ಸಿ. ಎಂಜಿನ್ ಮತ್ತು ಅತ್ಯಂತ ಕಡಿಮೆ ತೂಕ ಇದರ ಮುಖ್ಯ ಲಕ್ಷಣಗಳು. ಮಾರುಕಟ್ಟೆಯಲ್ಲಿ ಇದು ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಬಿಚ್ಚಲು ಮತ್ತು ಜೋಡಿಸಲು ಸುಲಭವಾದ ಇದರ ರಚನೆಯು ಬ್ರಿಟನ್ನಿನ ಕಿಟ್ ಕಾರುಗಳ ರಚನೆಗೆ ಬಹಳ ಸಮೀಪವಾದುದು. ಈ ಕಾರಣದಿಂದ ಮನೆಯ ಷೆಡ್ಡಿನಲ್ಲಿಯೇ ಪುನರ್ನಿರ್ಮಿಸಬಹುದಾದ ಕೆಲವೇ ಭಾರತೀಯ ಕಾರುಗಳಲ್ಲಿ ಇದೂ ಒಂದು.

ರಿಲಯಂಟ್ ಸಂಸ್ಥೆಗೂ ಭಾರತದ ರಿಲಯನ್ಸ್ ಸಮೂಹಕ್ಕೂ ಯಾವ ಸಂಬಂಧವೂ ಇಲ್ಲ.

ಹಿನ್ನೆಲೆ

ಬ್ರಿಟನ್ನಿನ ಹಗುರ ಕಾರುಗಳ ಪರಂಪರೆಯು 1920ರ ದಶಕದ ಆಸ್ಟಿನ್ ಸೆವೆನ್ ಕಾರಿನಿಂದ ಆರಂಭವಾಗುತ್ತದೆ ಎನ್ನಬಹುದು. 747 ಸಿ.ಸಿ. ಎಂಜಿನ್ನಿನ ಈ ಪುಟ್ಟ ಕಾರಿನಿಂದ ಎರಡು ಕವಲುಗಳು ಒಡೆದವು.

ಮೊದಲನೆಯದು ಕ್ರೀಡಾ ಕಾರುಗಳ ಕವಲು. ಕಾಲಿನ್ ಚಾಪ್‌ಮನ್ ಎಂಬ ತರುಣ ಎಂಜಿನಿಯರನು 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನ ಮೊದಲ ಸ್ಪರ್ಧಾ ಕಾರನ್ನು ಕಟ್ಟಿದನು. ಆತನ ಲೋಟಸ್ ಸಂಸ್ಥೆಯು 1957ರಲ್ಲಿ ಲೋಟಸ್ ಸೆವೆನ್ ಕಾರನ್ನು ಹೊರತಂದಿತು. ಸಿದ್ಧವಾದ ಕಾರಿಗೆ ಅಂದು ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಇತ್ತು; ಬಿಡಿಭಾಗಗಳ ರೂಪದಲ್ಲಿ ಕೊಂಡು ತಾನೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. ಹೀಗಾಗಿ ಸೆವೆನ್ ಬಹುಪಾಲು ಕಿಟ್ ರೂಪದಲ್ಲಿಯೇ ಮಾರಾಟವಾಯಿತು. ಜೋಡಿಸುವ ಸೂಚನೆಗಳನ್ನು ಕಿಟ್ಟಿನೊಂದಿಗೆ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲವಾದ ಕಾರಣ ಸಂಸ್ಥೆಯು ಬಿಚ್ಚುವ ಸೂಚನೆಗಳನ್ನು ಕೊಡುತ್ತಿತ್ತೆಂದೂ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಕೆಲಸ ಮಾಡುತ್ತಿದ್ದರೆಂದೂ ಹೇಳಲಾಗುತ್ತದೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಕಿಟ್ಟಿನ ಈ ಅನುಕೂಲ ಕೊನೆಗೊಂಡಿತು. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ವರ್ಗವಾಯಿತು.

ಎರಡನೆಯದು ರಿಲಯಂಟ್ ಸಂಸ್ಥೆಯ ಕವಲು. 1935ರಲ್ಲಿ ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಮೂರು ಚಕ್ರದ ವಾಹನಗಳನ್ನು ತಯಾರಿಸುತ್ತಿತ್ತು. 1939ರಲ್ಲಿ ಆಸ್ಟಿನ್ ಸೆವೆನ್ ಎಂಜಿನ್ನಿನ ತಯಾರಿಕೆ ನಿಂತಾಗ ರಿಲಯಂಟ್ ಅದೇ ವಿನ್ಯಾಸದ ಎಂಜಿನ್ನನ್ನು ತಾನೇ ಎರಕ ಹೊಯ್ಯಲಾರಂಭಿಸಿತು. ಬ್ರಿಟನ್ನಿನಲ್ಲಿ 8 ಹಂಡ್ರೆಡ್‌ವೇಟ್, ಅಂದರೆ ಸುಮಾರು 406 ಕೆ.ಜಿ. ತೂಕದ ಮಿತಿಯೊಳಗಿನ ಮೂರು ಚಕ್ರದ ವಾಹನಕ್ಕೆ ತೆರಿಗೆ ಕಡಿಮೆಯಿತ್ತು. ಮೋಟಾರು ಸೈಕಲ್ಲಿನ ಪರವಾನಗಿಯೇ ಅದನ್ನು ಓಡಿಸಲು ಸಾಕಾಗುತ್ತಿತ್ತು. ಈ ಮಿತಿಯನ್ನು ಮೀರದಿರಲು ಸಂಸ್ಥೆಯು 1950ರ ದಶಕದಲ್ಲಿ ಫೈಬರ್‌ಗ್ಲಾಸ್ ಹೊರಮೈಯನ್ನೂ 1962ರಲ್ಲಿ ಅಲ್ಯೂಮಿನಿಯಂ ಎಂಜಿನ್ನನ್ನೂ ಅಳವಡಿಸಿಕೊಂಡಿತು. ಮೊದಲಿಗೆ ಸುಮಾರು 600 ಸಿ.ಸಿ. ಇದ್ದ ಆ ಎಂಜಿನ್ ಹಂತಹಂತವಾಗಿ ಬೆಳೆದು 848 ಸಿ.ಸಿ. ತಲುಪಿತು. 1975ರಲ್ಲಿ ಬಿಡುಗಡೆಯಾದ ನಾಲ್ಕು ಚಕ್ರದ ಕಿಟನ್ ಕಾರಿಗೆ ಇದನ್ನೇ ಬಳಸಲಾಯಿತು.

ಈ ಎರಡು ಕವಲುಗಳು ಮತ್ತೆ ಕೂಡಿದ ಸಂದರ್ಭವೂ ಉಂಟು. ಆಸ್ಟಿನ್ ಸೆವೆನ್ ಆಧಾರದ ಕಾರುಗಳಿಗಾಗಿ ಬ್ರಿಟನ್ನಿನ 750 ಮೋಟಾರ್ ಕ್ಲಬ್ ನಡೆಸುತ್ತಿದ್ದ ಸ್ಪರ್ಧೆಗಳಲ್ಲಿ ಹಳೆಯ ಎಂಜಿನ್ನುಗಳು ಸಿಗದಂತಾದಾಗ ರಿಲಯಂಟ್ ಎಂಜಿನ್ನಿಗೆ ಅವಕಾಶ ನೀಡಲಾಯಿತು. ಮನೆಯಲ್ಲಿ ಕಟ್ಟಿದ ಅನೇಕ ಸ್ಪರ್ಧಾ ಕಾರುಗಳಲ್ಲಿ ಡಾಲ್ಫಿನ್ನಿನ ಎಂಜಿನ್ನೇ ಕೆಲಸ ಮಾಡಿದೆ.

ಬೆಂಗಳೂರಿನಲ್ಲಿ ತಯಾರಿಕೆ

1970ರ ದಶಕದಲ್ಲಿ ಭಾರತದ ಕಾರು ಮಾರುಕಟ್ಟೆಯಲ್ಲಿ ಮುಖ್ಯವಾಗಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮತ್ತು ಸ್ಟ್ಯಾಂಡರ್ಡ್ ಕಾರುಗಳು ಇದ್ದವು. ಉಕ್ಕಿನ ತಗಡನ್ನು ಒತ್ತಿ ಕಾರಿನ ಹೊರಮೈ ತಯಾರಿಸಲು ಬೃಹತ್ ಯಂತ್ರಗಳೂ ಅಪಾರ ಬಂಡವಾಳವೂ ಬೇಕು. ಫೈಬರ್‌ಗ್ಲಾಸ್ ಹೊರಮೈಗೆ ಒಂದು ಅಚ್ಚು ಮತ್ತು ಕೈಕೆಲಸ ಬಲ್ಲವರಿದ್ದರೆ ಸಾಕು. ಸಣ್ಣ ಸಂಸ್ಥೆಯೊಂದು ಕಾರು ತಯಾರಿಕೆಗೆ ಇಳಿಯಲು ಇದೇ ದಾರಿಯಾಗಿತ್ತು.

ಬೆಂಗಳೂರಿನ ಸನ್‌ರೈಸ್ ಸಂಸ್ಥೆಯು ಈ ದಾರಿಯಲ್ಲಿ ಮೊದಲು ಬಾದಲ್ ಎಂಬ ಮೂರು ಚಕ್ರದ ಫೈಬರ್‌ಗ್ಲಾಸ್ ಕಾರನ್ನು ತಯಾರಿಸಿತು. ಅದರ ಎಂಜಿನ್ 198 ಸಿ.ಸಿ. ಸಾಮರ್ಥ್ಯದ್ದು. ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರು ಪಡೆದ ಇದೇ ಸಂಸ್ಥೆಯು ಕಿಟನ್ ಕಾರಿನ ವಿನ್ಯಾಸವನ್ನು ಪರವಾನಗಿಯ ಮೇಲೆ ಪಡೆದು 1982ರಿಂದ ಡಾಲ್ಫಿನ್ ಎಂಬ ಹೆಸರಿನಲ್ಲಿ ತಯಾರಿಸಿತು. ಬ್ರಿಟನ್ನಿನಲ್ಲಿ ಕಿಟನ್ ತಯಾರಿಕೆ ಕೊನೆಗೊಂಡದ್ದೂ ಅದೇ ವರ್ಷ.

ರಚನೆ

ಮೂಲ ಕಿಟನ್ ಕಾರಿನ ವಿವರಗಳು ಹೀಗಿವೆ:

- ಉದ್ದ: ಸುಮಾರು 3.33 ಮೀಟರ್
- ಅಗಲ: ಸುಮಾರು 1.42 ಮೀಟರ್
- ತೂಕ: ಸುಮಾರು 525 ಕೆ.ಜಿ.
- ಎಂಜಿನ್: 4 ಸಿಲಿಂಡರ್, 848 ಸಿ.ಸಿ., ಪೆಟ್ರೋಲ್
- ಶಕ್ತಿ: ಸುಮಾರು 40 ಅಶ್ವಶಕ್ತಿ
- ಗೇರ್‌ಬಾಕ್ಸ್: 4 ಗೇರು
- ಚಾಲನೆ: ಹಿಂದಿನ ಚಕ್ರಗಳಿಗೆ
- ಬ್ರೇಕು: ನಾಲ್ಕೂ ಚಕ್ರಗಳಿಗೆ ಡ್ರಮ್

ಇಂದಿನ ಬಹುತೇಕ ಕಾರುಗಳಲ್ಲಿ ಹೊರಮೈ ಮತ್ತು ಚಾಸಿ ಒಂದೇ ಬೆಸುಗೆಯ ಪೆಟ್ಟಿಗೆಯಾಗಿರುತ್ತವೆ. ಡಾಲ್ಫಿನ್ನಿನಲ್ಲಿ ಅವು ಬೇರೆ ಬೇರೆ. ಎಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗು, ಚಕ್ರ ಎಲ್ಲವೂ ಚಾಸಿಗೆ ಸೇರಿದ್ದು, ಫೈಬರ್‌ಗ್ಲಾಸ್ ಹೊರಮೈಯನ್ನು ಅದರ ಮೇಲೆ ಬೋಲ್ಟುಗಳಿಂದ ಕೂರಿಸಲಾಗಿದೆ.

ಮಾರುಕಟ್ಟೆ ಮತ್ತು ಮೋಟಾರು ಕ್ರೀಡೆ

ಅಂಬಾಸಡರ್ ಕಾರು ಒಂದು ಟನ್ನಿಗೂ ಹೆಚ್ಚು ತೂಗುತ್ತಿದ್ದ ಕಾಲದಲ್ಲಿ ಅದರ ಅರ್ಧದಷ್ಟು ತೂಕದ ಡಾಲ್ಫಿನ್ ಚುರುಕಾಗಿ ಓಡುತ್ತಿತ್ತು. ಹೀಗಾಗಿ ರ‍್ಯಾಲಿ ಮತ್ತು ಓಟದ ಸ್ಪರ್ಧೆಗಳ ಹವ್ಯಾಸಿಗಳು ಇದನ್ನು ಮೆಚ್ಚಿಕೊಂಡರು. ಆದರೆ ಸಂಸಾರಕ್ಕೆಂದು ಕಾರು ಕೊಳ್ಳುವವರ ದೃಷ್ಟಿ ಬೇರೆಯಾಗಿತ್ತು. ಹಿಂದಿನ ಆಸನಕ್ಕೆ ಹೋಗಲು ಮುಂದಿನ ಆಸನವನ್ನು ಮಡಚಬೇಕಿತ್ತು. ಫೈಬರ್‌ಗ್ಲಾಸ್ ಹೊರಮೈ ತಗಡಿನಷ್ಟು ಗಟ್ಟಿಯಲ್ಲವೆಂಬ ಅನುಮಾನವೂ ಇತ್ತು. ಪೆಟ್ಟಾದ ತಗಡನ್ನು ಬಡಿದು ಸರಿಪಡಿಸುವವರು ಪ್ರತಿ ಊರಿನಲ್ಲಿಯೂ ಇದ್ದರು, ಒಡೆದ ಫೈಬರ್ ಕೂಡಿಸುವವರು ವಿರಳ. 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲುಗಳ, ತಗಡಿನ ಹೊರಮೈಯ ಮಾರುತಿ 800 ಬಂದ ಮೇಲೆ ಡಾಲ್ಫಿನ್ನಿನ ಬೇಡಿಕೆ ಕುಸಿಯಿತು. ಸಂಸ್ಥೆಯು ಬಾಗಿಲುಗಳನ್ನು ಹೆಚ್ಚಿಸಿ ಮೊಂಟಾನಾ ಎಂಬ ಹೆಸರಿನಲ್ಲಿ ಅದನ್ನು ಮರುರೂಪಿಸಿದರೂ ಪರಿಸ್ಥಿತಿ ಬದಲಾಗಲಿಲ್ಲ.

ಮನೆಯಲ್ಲಿ ಪುನರ್ನಿರ್ಮಾಣ

ಹಳೆಯ ಡಾಲ್ಫಿನ್ ಕಾರುಗಳಲ್ಲಿ ಹೊರಮೈಗೆ ತುಕ್ಕು ಹಿಡಿಯುವುದಿಲ್ಲ. ಹೊರನೋಟಕ್ಕೆ ಕಾಣದ ಚಾಸಿಗೆ ಹಿಡಿಯುತ್ತದೆ. ಬಣ್ಣ ಮಾಸದೆ ಚೆನ್ನಾಗಿ ಕಾಣುವ ಕಾರಿನ ಕೆಳಗೆ ಚಾಸಿ ಜೀರ್ಣವಾಗಿರಬಹುದು. ಆದ್ದರಿಂದ ಕೆಲಸವನ್ನು ಕೆಳಗಿನಿಂದ ಆರಂಭಿಸುವುದು ಕ್ರಮ. ಲೋಟಸ್ ಸೆವೆನ್ ಮೊದಲಾದ ಕಿಟ್ ಕಾರುಗಳ ಪುನರ್ನಿರ್ಮಾಣಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಹೊರಮೈಯನ್ನು ಬೇರ್ಪಡಿಸುವುದು: ಬ್ಯಾಟರಿ, ವಿದ್ಯುತ್ ತಂತಿಗಳು, ಪೆಟ್ರೋಲ್ ನಳಿಕೆ, ಬ್ರೇಕಿನ ನಳಿಕೆಗಳು, ಹ್ಯಾಂಡ್‌ಬ್ರೇಕ್ ಕೇಬಲ್, ಸ್ಟಿಯರಿಂಗ್ ಕಂಬ ಮತ್ತು ಗೇರಿನ ಹಿಡಿಯನ್ನು ಮೊದಲು ಬಿಡಿಸಬೇಕು. ಪ್ರತಿಯೊಂದನ್ನೂ ಬಿಡಿಸುವ ಮುನ್ನ ಛಾಯಾಚಿತ್ರ ತೆಗೆದು, ತಂತಿಗಳಿಗೆ ಗುರುತಿನ ಚೀಟಿ ಕಟ್ಟಿಡುವುದು ಅಗತ್ಯ. ಬಾಗಿಲು, ಗಾಜು ಮತ್ತು ಆಸನಗಳನ್ನು ತೆಗೆದ ಮೇಲೆ ಹೊರಮೈ ಬಹಳ ಹಗುರವಾಗುವುದರಿಂದ ಕ್ರೇನಿನ ನೆರವಿಲ್ಲದೆ ಕೆಲವರು ಸೇರಿ ಎತ್ತಬಹುದು. ಅದು ತಿರುಚಿಕೊಳ್ಳದಂತೆ ಸಮತಟ್ಟಾದ ಮರದ ಚೌಕಟ್ಟಿನ ಮೇಲೆ ಇರಿಸಬೇಕು.

ಚಾಸಿ: ಪೆಟ್ಟಿಗೆಯಾಕಾರದ ಉಕ್ಕಿನ ತೊಲೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಜೀರ್ಣವಾದದ್ದು ಮಂದ ಸದ್ದು ಮಾಡುತ್ತದೆ. ಹೊರಮೈ ಕೂರುವ ಬೋಲ್ಟುಗಳ ಸುತ್ತಲಿನ ಭಾಗ ಮತ್ತು ಸ್ಪ್ರಿಂಗು ಸೇರುವ ಜಾಗಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ಉಕ್ಕನ್ನು ಬೆಸೆಯುವ ಮೊದಲೂ ಅನಂತರವೂ ಚಾಸಿಯ ಎರಡು ಕರ್ಣಗಳ ಉದ್ದವನ್ನು ಅಳೆದು ಸಮವಾಗಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಅಳತೆ ತಪ್ಪಿದರೆ ಕಾರು ನೇರವಾಗಿ ಓಡುವುದಿಲ್ಲ.

ಫೈಬರ್‌ಗ್ಲಾಸ್: ಹೊರಪದರದಲ್ಲಿ ಮಾತ್ರ ಇರುವ ಕೂದಲೆಳೆಯಂತಹ ಬಿರುಕುಗಳೂ ಒಳಗಿನ ಗಾಜಿನ ಎಳೆಗಳವರೆಗೆ ಹೋದ ಸೀಳುಗಳೂ ಬೇರೆ ಬೇರೆ. ಸೀಳನ್ನು ಕೇವಲ ಪುಟ್ಟಿಯಿಂದ ಮುಚ್ಚಿದರೆ ಕಂಪನಕ್ಕೆ ಮತ್ತೆ ಬಾಯಿಬಿಡುತ್ತದೆ. ಅದರ ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಒಳಭಾಗದಿಂದ ಗಾಜಿನ ಚಾಪೆಯ ತುಂಡುಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಒಂದರ ಮೇಲೊಂದು ಕೂರಿಸಬೇಕು. ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ರಾಳ ಗಟ್ಟಿಯಾಗಲು ಬೆರೆಸುವ ವೇಗವರ್ಧಕದ ಪ್ರಮಾಣ ಸಾಮಾನ್ಯವಾಗಿ ಶೇ. 1ರಿಂದ 2; ಬೇಸಿಗೆಯಲ್ಲಿ ಕಡಿಮೆ, ಚಳಿಯಲ್ಲಿ ಹೆಚ್ಚು. ನೀರಿನ ತೊಟ್ಟಿ, ದೋಣಿ ಮತ್ತು ಬಸ್ಸಿನ ಮುಖಭಾಗಗಳನ್ನು ಫೈಬರಿನಲ್ಲಿ ತಯಾರಿಸುವವರು ಇಂದು ರಾಜ್ಯದ ಅನೇಕ ಕಡೆ ಇರುವುದರಿಂದ 1980ರ ದಶಕದ ತೊಡಕು ಈಗ ಬಹುಮಟ್ಟಿಗೆ ನೀಗಿದೆ.

ಇಲ್ಲಿ ಎಚ್ಚರಿಕೆ ಅಗತ್ಯ. ರಾಳಕ್ಕೆ ಬೆರೆಸುವ ಪೆರಾಕ್ಸೈಡ್ ದ್ರವವು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅದನ್ನು ಕೋಬಾಲ್ಟ್ ದ್ರವದೊಂದಿಗೆ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿಯೇ ರಾಳಕ್ಕೆ ಸೇರಿಸಬೇಕು. ಫೈಬರ್ ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ ಕಾರಣ ಮುಖಗವಸು ಮತ್ತು ಕನ್ನಡಕ ಕಡ್ಡಾಯ.

ಎಂಜಿನ್: ಅಲ್ಯೂಮಿನಿಯಂ ಎಂಜಿನ್ನಿನೊಳಗೆ ಬರಿಯ ನೀರು ಬಹುಕಾಲ ನಿಂತರೆ ಲೋಹ ಸವೆಯುತ್ತದೆ, ತಂಪುನೀರಿನ ದಾರಿಗಳು ಕಟ್ಟಿಕೊಳ್ಳುತ್ತವೆ. ಉಕ್ಕಿನ ಬೋಲ್ಟು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ಸಿಲಿಂಡರಿನ ಮೇಲ್ಭಾಗವಾದ ಹೆಡ್ಡನ್ನು ಬಲವಂತವಾಗಿ ಮೀಟಿ ತೆಗೆಯಬಾರದು. ಸಿಲಿಂಡರುಗಳ ಒಳಗಿನ ಲೈನರುಗಳು ಬಿಡಿಯಾಗಿದ್ದು ಹೆಡ್ಡಿನ ಒತ್ತಡದಿಂದಲೇ ನಿಂತಿರುತ್ತವೆ. ಹೆಡ್ಡನ್ನು ತೆಗೆದಾಗ ಅವನ್ನು ಬಿಗಿದು ಹಿಡಿಯದೆ ಎಂಜಿನ್ನನ್ನು ತಿರುಗಿಸಿದರೆ ಅವು ಮೇಲೇಳುತ್ತವೆ, ಕೆಳಗಿನ ಬಿಗಿತ ಕೆಟ್ಟು ಎಣ್ಣೆಗೆ ನೀರು ಸೇರುತ್ತದೆ. ಮರುಜೋಡಣೆಯಲ್ಲಿ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ನಿಗದಿತ ಅನುಕ್ರಮದಲ್ಲಿ ಬಿಗಿಗೊಳಿಸಬೇಕು. ಇದೇ ಎಂಜಿನ್ನನ್ನು ರಿಲಯಂಟ್ ತನ್ನ ಮೂರು ಚಕ್ರದ ರಾಬಿನ್ ವಾಹನದಲ್ಲಿಯೂ ದೀರ್ಘಕಾಲ ಬಳಸಿದ್ದರಿಂದ ಬಿಡಿಭಾಗಗಳನ್ನು ಬ್ರಿಟನ್ನಿನಿಂದ ತರಿಸಿಕೊಳ್ಳಲು ಸಾಧ್ಯ.

ವಿದ್ಯುತ್ ಮತ್ತು ಬ್ರೇಕು: ತಗಡಿನ ಕಾರಿನಲ್ಲಿ ಹೊರಮೈಯೇ ವಿದ್ಯುತ್ತಿನ ಮರಳುದಾರಿ. ಫೈಬರ್‌ಗ್ಲಾಸ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಹೀಗಾಗಿ ಪ್ರತಿಯೊಂದು ದೀಪಕ್ಕೂ ಬೇರೆಯೇ ಅರ್ಥಿಂಗ್ ತಂತಿ ಬೇಕು. ಹಳೆಯ ಫೈಬರ್ ಕಾರುಗಳಲ್ಲಿ ದೀಪ ಮಂಕಾಗುವುದಕ್ಕೆ ಬಹುತೇಕ ಈ ತಂತಿಯ ಸಡಿಲ ಜೋಡಣೆಯೇ ಕಾರಣ. ಬ್ರೇಕಿನ ರಬ್ಬರ್ ಭಾಗಗಳು ಮತ್ತು ನಳಿಕೆಗಳನ್ನು ಚೆನ್ನಾಗಿ ಕಂಡರೂ ಹೊಸದಾಗಿ ಹಾಕುವುದೇ ಕ್ಷೇಮ.

ಕಾನೂನಿನ ಅಂಶಗಳು

1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಖಾಸಗಿ ಕಾರಿನ ನೋಂದಣಿಯು 15 ವರ್ಷ ಊರ್ಜಿತವಾಗಿದ್ದು, ಅನಂತರ ತಪಾಸಣೆಗೊಳಪಟ್ಟು 5 ವರ್ಷಗಳಿಗೊಮ್ಮೆ ನವೀಕರಣವಾಗಬೇಕು. ತಯಾರಕರು ನಮೂದಿಸಿದ ಮೂಲ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದೇ ಅಧಿನಿಯಮದ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಹಳೆಯ ಕಾರನ್ನು ಮೂಲರೂಪಕ್ಕೆ ತರಬಹುದು. ಅದರ ಚಾಸಿಯ ಮೇಲೆ ಬೇರೊಂದು ಕ್ರೀಡಾ ಕಾರನ್ನು ಕಟ್ಟಿ ಅದೇ ನೋಂದಣಿಯಲ್ಲಿ ರಸ್ತೆಗಿಳಿಸುವಂತಿಲ್ಲ. ಆದ್ದರಿಂದ ಚಾಸಿಯನ್ನು ದುರಸ್ತಿ ಮಾಡುವಾಗ ಅದರ ಸಂಖ್ಯೆ ಕೊರೆದಿರುವ ಭಾಗವನ್ನು ಕತ್ತರಿಸಬಾರದು.

2021ರಲ್ಲಿ ಜಾರಿಗೆ ಬಂದ ವಿಂಟೇಜ್ ವಾಹನ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. 1982ರ ಡಾಲ್ಫಿನ್ನಿಗೆ 50 ವರ್ಷ ತುಂಬುವುದು 2032ರಲ್ಲಿ. ಅಲ್ಲಿಯವರೆಗೆ ಸಾಮಾನ್ಯ ನವೀಕರಣವನ್ನೇ ಪಾಲಿಸಬೇಕು. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಸೇರಿದಂತೆ ಚಾಮರಾಜನಗರ ಜಿಲ್ಲೆಯ ನೋಂದಣಿ ಸರಣಿ ಕೆಎ-10. ಈ ಜಿಲ್ಲೆಯು 1997ರಲ್ಲಿ ರಚನೆಯಾಗುವ ಮೊದಲು ಮೈಸೂರು ಜಿಲ್ಲೆಯ ಭಾಗವಾಗಿದ್ದ ಕಾರಣ ಇಲ್ಲಿಯ ಹಳೆಯ ಕಾರುಗಳ ದಾಖಲೆಗಳು ಮೈಸೂರಿನಲ್ಲಿರುವ ಸಂಭವವಿರುತ್ತದೆ. ದಾಖಲೆಯಿಲ್ಲದ ಕಾರನ್ನು ಪುನರ್ನಿರ್ಮಿಸಿದರೂ ರಸ್ತೆಯಲ್ಲಿ ಓಡಿಸಲಾಗದು. ಹೀಗಾಗಿ ಕೊಳ್ಳುವ ಮೊದಲು ನೋಂದಣಿ ಪತ್ರದಲ್ಲಿನ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನೊಂದಿಗೆ ಹೋಲಿಸಿ ನೋಡಬೇಕು.

ಪ್ರಾಮುಖ್ಯ

ಕಡಿಮೆ ತೂಕವೇ ಉಳಿತಾಯ ಎಂಬ ಡಾಲ್ಫಿನ್ನಿನ ತತ್ತ್ವವನ್ನು ಅಂದಿನ ಗ್ರಾಹಕರು ದೌರ್ಬಲ್ಯವೆಂದು ಭಾವಿಸಿದರು. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾದ ವಿದ್ಯುತ್ ಕಾರು ರೇವಾ, ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಫಲಕಗಳನ್ನು ಹೊದಿಸಿ ಅದೇ ತತ್ತ್ವವನ್ನು ಮತ್ತೆ ಮುಂದಿಟ್ಟಿತು. ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ಬ್ರಿಟನ್ನಿನ ಹಗುರ ಕಾರು ಬೆಂಗಳೂರಿಗೆ ಬಂದ ಎರಡು ದಶಕಗಳಲ್ಲಿ ಬೆಂಗಳೂರಿನ ಹಗುರ ಕಾರು ಬ್ರಿಟನ್ನಿಗೆ ಹೋಯಿತು. ಡಾಲ್ಫಿನ್ ತಯಾರಿಸಿದ ಸಂಸ್ಥೆಯು ಇಂದು ಕಾರು ತಯಾರಿಸುತ್ತಿಲ್ಲ. ಉಳಿದಿರುವ ಕಾರುಗಳು ಮುಂದೆಯೂ ಓಡುವುದು ಅವುಗಳ ಮಾಲೀಕರ ಕೈಕೆಲಸವನ್ನೇ ಅವಲಂಬಿಸಿದೆ.

ಇವನ್ನೂ ನೋಡಿ

- ರಿಲಯಂಟ್ ಕಿಟನ್
- ಲೋಟಸ್ ಸೆವೆನ್
- ಮಾರುತಿ 800
- ರೇವಾ